ಎಂಟು ಬಂಗಾರ, ಒಂದು ಕಪ್ಪು

ನಲವತ್ತು ಶೇಂಗಾ ಹೋಳಿಗೆ ಮಾಡಿಕೊಂಡು ಹೋಗಿ, ನಲವತ್ತನ್ನೂ ವಾಪಸು ಹೊತ್ತು ತಂದವಳು ನಾನು. ಆ ಸ್ಟೀಲ್ ಡಬ್ಬಿಯ ಭಾರ ನನ್ನ ತೋಳಿಗೆ ಇವತ್ತಿಗೂ ನೆನಪಿದೆ. ರೊಟೊಟೂನ ಬಡಾವಣೆಯ ಆ ಮನೆಯಿಂದ ನಮ್ಮ ಬಾಡಿಗೆ ಮನೆಗೆ ಕಾರಿನಲ್ಲಿ ಕಾಲು ಗಂಟೆಯ ದಾರಿ. ಅಷ್ಟರಲ್ಲಿ ಆ ಮನೆಯ ಯಜಮಾನರನ್ನು ಮನಸ್ಸಿನಲ್ಲೇ ಮೂರು ಬಗೆಯಲ್ಲಿ ಕೊಂದು ಮುಗಿಸಿದ್ದೆ. ಗಂಡ ಸುಮ್ಮನೆ ಕಾರು ಓಡಿಸುತ್ತಿದ್ದ. ಆತ ಜಾಣ, ಇಂಥ ಹೊತ್ತಿನಲ್ಲಿ ಬಾಯಿ ಬಿಡುವವನಲ್ಲ.

ಆಗ ನಾವು ನ್ಯೂಜಿಲೆಂಡಿಗೆ ಬಂದು ಆರು ತಿಂಗಳಾಗಿತ್ತು. ಗಂಡನಿಗೆ ಹ್ಯಾಮಿಲ್ಟನ್‌ನಲ್ಲಿ ನರ್ಸ್ ಕೆಲಸ. ನನಗೆ ಊರ ಸುತ್ತಲಿನ ಕೆರೆಗಳನ್ನು ನೋಡಿಕೊಳ್ಳುವ ಒಂದು ಸಣ್ಣ ತಂಡದಲ್ಲಿ ಕೆಲಸ ಸಿಕ್ಕಿ ಎರಡು ವಾರ. ಇಲ್ಲಿನ ಕನ್ನಡದವರು ಆಗಾಗ ಯಾರದಾದರೂ ಮನೆಯಲ್ಲಿ ಸೇರುತ್ತಾರೆ, ಒಬ್ಬೊಬ್ಬರು ಒಂದೊಂದು ಅಡುಗೆ ತರುತ್ತಾರೆ ಎಂದು ಯಾರೋ ಹೇಳಿದರು. ನಮ್ಮವರ ಮುಖ ನೋಡಿ ತಿಂಗಳುಗಟ್ಟಲೆ ಆಗಿತ್ತು. ಬೆಳಿಗ್ಗೆ ಐದಕ್ಕೇ ಎದ್ದು ಶೇಂಗಾ ಹುರಿದು, ಬೆಲ್ಲ ಕುಟ್ಟಿ, ಬೆನ್ನು ಬಿದ್ದುಹೋಗುವ ತನಕ ಲಟ್ಟಿಸಿದೆ.

ಮನೆಯ ಯಜಮಾನರು ಮೈಸೂರಿನ ಕಡೆಯವರು, ನಿವೃತ್ತ ಎಂಜಿನಿಯರು, ಬಹಳ ವರ್ಷಗಳ ಹಿಂದೆಯೇ ಬಂದು ನೆಲೆಸಿದವರು. ಎಲ್ಲರಿಗೂ ಅವರು ಅಂಕಲ್. ಬಂದವರನ್ನು ಬಾಗಿಲಲ್ಲೇ ನಿಲ್ಲಿಸಿ, ಯಾವ ಊರು, ಯಾವ ಕೆಲಸ, ಯಾರ ಪೈಕಿ ಎಂದು ವಿಚಾರಿಸಿ ಒಳಗೆ ಬಿಡುವುದು ಅವರ ಪದ್ಧತಿ. ಒಬ್ಬರು ಸಾಫ್ಟ್‌ವೇರ್ ಎಂದರು, ಇನ್ನೊಬ್ಬರು ಡಾಕ್ಟರ್ ಎಂದರು. ನನ್ನ ಸರದಿ ಬಂತು.

"ಏನಮ್ಮಾ, ನೀನೇನು ಮಾಡ್ಕೊಂಡಿದೀಯಾ?"

"ಕೆರಿ ಕೆಲಸ ಅಂಕಲ್. ಮೀನು ಓದಿದಾಕಿ ನಾನು. ಯಾವ ಕೆರ್‍ಯಾಗ ಯಾವ ಮೀನು ಎಷ್ಟು ಅದಾವ, ಯಾಕ ಕಡಿಮಿ ಆಗ್ಯಾವ ಅಂತ ಬಲಿ ಹಾಕಿ ನೋಡ್ತೀವಿ."

"ನಿಮ್ಮ ಕಡೆ ಏನು?"

ಅವರು ಊರು ಕೇಳುತ್ತಿಲ್ಲವೆಂದು ನನಗೆ ಗೊತ್ತಿತ್ತು. "ಹೊಸಪೇಟೆ ಕಡೆ. ಬೆಸ್ತರು," ಎಂದೆ. ನಮ್ಮಪ್ಪ ತುಂಗಭದ್ರಾ ಹಿನ್ನೀರಿನಲ್ಲಿ ಹರಿಗೋಲು ಹಾಕಿ ನನ್ನನ್ನು ಓದಿಸಿದವನು. ಅದನ್ನು ಮುಚ್ಚಿಡುವ ದರ್ದು ನನಗಿಲ್ಲ.

"ಓಹೋ! ಅಲ್ಲೂ ಬಲೆ, ಇಲ್ಲೂ ಬಲೆ. ಅಷ್ಟಕ್ಕೆ ಇಷ್ಟು ದೂರ ಬರಬೇಕಿತ್ತೇನಮ್ಮಾ?" ಎಂದರು. ಸುತ್ತ ಇದ್ದವರು ನಕ್ಕರು. ನಾನೂ ನಕ್ಕೆ. ಇವತ್ತಿಗೂ ಹೊಟ್ಟೆ ಉರಿಯುವುದು ಅವರು ನಕ್ಕಿದ್ದಕ್ಕಲ್ಲ, ನಾನು ನಕ್ಕಿದ್ದಕ್ಕೆ.

ಊಟಕ್ಕೆ ಸಾಲು ನಿಂತಾಗ ನನ್ನ ಡಬ್ಬಿಯ ಮುಂದೆ ಅವರು ಇನ್ನೊಂದು ಹಾಸ್ಯ ಮಾಡಿದರು. "ನೋಡ್ಕೊಂಡು ಹಾಕ್ಕೊಳ್ರಪ್ಪಾ, ಇದು ಮೀನಮ್ಮನ ಹೋಳಿಗೆ. ಒಳಗೆ ಮುಳ್ಳು ಗಿಳ್ಳು ಇದ್ದೀತು!" ಅಷ್ಟೇ. ಬೈಗುಳವಲ್ಲ, ಜಗಳವಲ್ಲ. ಆದರೆ ನನ್ನ ಹಿಂದಿದ್ದವರ ಕೈ ಆ ಡಬ್ಬಿಯನ್ನು ದಾಟಿ ಪಕ್ಕದ ಕೇಸರಿಬಾತಿಗೆ ಹೋಯಿತು. ಅವರ ಹಿಂದಿನವರದೂ ಹಾಗೇ. ಮೊದಲನೆಯವರು ತೆಗೆದುಕೊಳ್ಳದಿದ್ದರೆ ಎರಡನೆಯವರಿಗೆ ಧೈರ್ಯ ಎಲ್ಲಿಂದ ಬರಬೇಕು? ಕೊನೆಗೆ ಉಳಿದದ್ದು ತುಂಬಿದ ಡಬ್ಬಿ ಮತ್ತು ಮೀನಮ್ಮ ಎಂಬ ಹೆಸರು. ಹೆಸರು ಅಂಟಿಯೇಬಿಟ್ಟಿತು. ಆಮೇಲೆ ಬಂದ ಹೊಸಬರು ಅದೇ ನನ್ನ ನಿಜವಾದ ಹೆಸರೆಂದುಕೊಂಡಿದ್ದೂ ಉಂಟು.

ಇಂಥ ಮಹಾನುಭಾವರ ನಡುಮನೆಯಲ್ಲಿ, ಈಶಾನ್ಯ ಮೂಲೆಯಲ್ಲಿ, ಒಂದು ದೊಡ್ಡ ಗಾಜಿನ ತೊಟ್ಟಿ ಇತ್ತು. ಒಳಗೆ ಗೋಲ್ಡ್‌ಫಿಶ್. ಅವತ್ತು ಎಲ್ಲರನ್ನೂ ಅದರ ಮುಂದೆ ನಿಲ್ಲಿಸಿ ಪಾಠ ಮಾಡಿದರು. "ವಾಸ್ತು ಪ್ರಕಾರ ಒಂಬತ್ತೇ ಇರಬೇಕು. ಎಂಟು ಬಂಗಾರ, ಒಂದು ಕಪ್ಪು. ಕಪ್ಪು ಮೀನು ಮನೆಗೆ ಬೀಳೋ ದೃಷ್ಟಿಯೆಲ್ಲಾ ತಾನು ತಗೊಳ್ಳತ್ತೆ." ಕಪ್ಪು ಮೀನಿನ ಕಣ್ಣುಗಳು ಎರಡೂ ಕಡೆ ಅಂಗಿಯ ಗುಂಡಿಯಂತೆ ಹೊರಗೆ ಬಂದಿದ್ದವು. ಮೀನು ಮುಟ್ಟಿದವಳ ಹೋಳಿಗೆ ಮೈಲಿಗೆ, ಮನೆಯೊಳಗೆ ಒಂಬತ್ತು ಮೀನು ಸಾಕಿದರೆ ಲಕ್ಷ್ಮಿ! ಅವತ್ತೇ ತೀರ್ಮಾನ ಮಾಡಿದೆ, ಈ ಮನುಷ್ಯನಿಗೆ ಒಂದಲ್ಲ ಒಂದು ದಿನ ಇದೇ ಮೀನಿನಿಂದ ತಿರುಗೇಟು ಕೊಡಬೇಕೆಂದು. ಹೇಗೆಂದು ಗೊತ್ತಿರಲಿಲ್ಲ. ಗೊತ್ತಾಗಲು ಮೂರು ವರ್ಷ ಹಿಡಿಯಿತು.

ಅಷ್ಟರಲ್ಲಿ ಒಂದು ಸಣ್ಣ ಸಂತೋಷ ಪುಕ್ಕಟೆಯಾಗಿ ಸಿಕ್ಕಿತು. ನಮ್ಮ ತಂಡದ ಮುಖ್ಯಸ್ಥೆ ಅರವತ್ತು ಸಮೀಪಿಸಿದ, ಇಲ್ಲಿನ ಮೂಲನಿವಾಸಿ ಮಾವೊರಿ ಹೆಂಗಸು. ಒಮ್ಮೆ ಯೂಟ್ ಎಂಬ, ಹಿಂಭಾಗ ತೆರೆದ ಗಾಡಿಯಲ್ಲಿ ಬಲೆ ತುಂಬಿಕೊಂಡು ರೊಟೊಟೂನದ ಮೇಲೆ ಹೋಗುವಾಗ, ಈ ಹೆಸರಿಗೆ ಏನರ್ಥವೆಂದು ಕೇಳಿದೆ. ರೊಟೊ ಎಂದರೆ ಕೆರೆ, ಟೂನ ಎಂದರೆ ಹಾವುಮೀನು ಎಂದರು. ನಾನು ಎಷ್ಟು ನಕ್ಕೆನೆಂದರೆ ಅವರು ಗಾಡಿ ನಿಧಾನ ಮಾಡಿದರು. ಅಂಕಲ್ ಮನೆಯ ವಿಳಾಸ ಹಾವುಮೀನಿನ ಕೆರೆ! ಕಿರಿಯ ಮಗನ ಮದುವೆಯ ಆಮಂತ್ರಣದಲ್ಲಿ, ಸತ್ಯನಾರಾಯಣ ಪೂಜೆಯ ಕರೆಯೋಲೆಯಲ್ಲಿ, ಪ್ರತಿಯೊಂದರ ಮೇಲೂ ಹಾವುಮೀನು ಹರಿದಾಡುತ್ತಿತ್ತು. ನಾನು ಈ ವಿಷಯವನ್ನು ಯಾರಿಗೂ ಹೇಳಲಿಲ್ಲ. ಒಳ್ಳೆಯ ಉಪ್ಪಿನಕಾಯಿಯಂತೆ ಜಾಡಿಯಲ್ಲಿ ಹಾಕಿ ಮುಚ್ಚಿಟ್ಟೆ.

ಈಗ ಕೆರೆಯ ವಿಷಯ ಹೇಳಬೇಕು, ಯಾಕೆಂದರೆ ಈ ಕಥೆಯಲ್ಲಿ ಹೋದದ್ದು ಅದೇ. ರೊಟೊಟೂನದಿಂದ ಉತ್ತರಕ್ಕೆ ಸ್ವಲ್ಪ ದೂರದಲ್ಲಿ, ಹಸು ಮೇಯುವ ಹೊಲಗಳ ನಡುವೆ ಒಂದು ಪುಟ್ಟ ಕೆರೆ ಇದೆ. ಈ ಸೀಮೆಯ ಕೆರೆಗಳ ತಳ ಕೊಳೆತ ಗಿಡಗಂಟಿಯ ಕಪ್ಪು ಮಣ್ಣು. ನೀರು ಒಳ್ಳೆಯದಿದ್ದರೆ ಹಾಲು ಹಾಕದ ಚಹಾದಂತಿರುತ್ತದೆ, ಬಣ್ಣ ಇದ್ದರೂ ತಿಳಿ. ನಾನು ಕೆಲಸಕ್ಕೆ ಸೇರಿದ ವರ್ಷ ಅದು ಹಾಲು ಹೆಚ್ಚಾದ ಚಹಾದಂತಿತ್ತು. ಹೊಲದ ಗೊಬ್ಬರ ಕಾಲುವೆಯಲ್ಲಿ ಹರಿದು ಬರುತ್ತಿತ್ತು. ಹಸುಗಳು ಅಂಚು ತುಳಿದು ಕೆಸರು ಮಾಡುತ್ತಿದ್ದವು. ಎಲ್ಲಕ್ಕಿಂತ ಹೆಚ್ಚಾಗಿ, ಯಾವುದೋ ಕಾಲದಲ್ಲಿ ಯಾರೋ ಬಿಟ್ಟಿದ್ದ ಗೋಲ್ಡ್‌ಫಿಶ್‌ಗಳು ಕೆರೆಯನ್ನೇ ಆಳುತ್ತಿದ್ದವು.

ತೊಟ್ಟಿಯಲ್ಲಿ ಬೆರಳುದ್ದ ಇರುವ ಮೀನು ಕೆರೆಯಲ್ಲಿ ಅಂಗೈ ಮೀರಿ ಬೆಳೆಯುತ್ತದೆ. ಹಂದಿಯಂತೆ ತಳ ಕೆದಕುತ್ತದೆ. ಕೆಸರು ಎದ್ದರೆ ಬಿಸಿಲು ಕೆಳಗೆ ಇಳಿಯುವುದಿಲ್ಲ. ಬಿಸಿಲಿಲ್ಲದೆ ನೀರೊಳಗಿನ ಗಿಡ ಸಾಯುತ್ತದೆ. ಬೇರು ಹೋದ ಮೇಲೆ ಸಣ್ಣ ಗಾಳಿಗೂ ತಳ ಕದಡುತ್ತದೆ. ಆಮೇಲೆ ಹಸಿರು ಪಾಚಿ ಏಳುತ್ತದೆ, ಬೇಸಿಗೆಯ ಬೆಳಗಿನ ಜಾವ ನೀರಿನ ಉಸಿರನ್ನೆಲ್ಲ ಅದೇ ಕುಡಿದುಬಿಡುತ್ತದೆ. ಇಲ್ಲಿನ ಮೂಲದ ಸಣ್ಣ ಮೀನುಗಳು ಬಾಯಿ ಬಿಟ್ಟುಕೊಂಡು ಮೇಲೆ ಬಂದು ಸಾಯುತ್ತವೆ. ಗೋಲ್ಡ್‌ಫಿಶ್ ಮಾತ್ರ ಅದನ್ನೂ ತಾಳಿಕೊಂಡು ಕೊಬ್ಬುತ್ತದೆ. ಮನೆಗೆ ಬಂದ ನೆಂಟ ಮನೆಯವರನ್ನೇ ಹೊರಗೆ ಹಾಕಿದ ಹಾಗೆ.

ಮೂರು ವರ್ಷ ನಾವು ಐದಾರು ಜನ ಆ ಕೆರೆಯ ಹಿಂದೆ ಬಿದ್ದೆವು. ಬೇಲಿ ಹಾಕಿದೆವು. ಅಂಚಿಗೆ ಜೊಂಡು, ನಾರಿನ ಗಿಡ ನೆಟ್ಟೆವು. ಕಾಲುವೆಯ ಬಾಯಿಗೆ ಹೂಳು ನಿಲ್ಲುವ ಗುಂಡಿ ತೋಡಿದೆವು. ನೀರಿಗೆ ಸಣ್ಣಗೆ ಕರೆಂಟು ಹಾಯಿಸಿ ಮೀನಿಗೆ ಮಂಕು ಹಿಡಿಸುವ ದೋಣಿ ತರಿಸಿ, ಬಲೆ ಎಳೆದು, ಗೋಲ್ಡ್‌ಫಿಶ್‌ಗಳನ್ನು ಒಂದೂ ಬಿಡದೆ ತೆಗೆದೆವು. ಚಳಿಗಾಲದಲ್ಲಿ ಎದೆಮಟ್ಟದ ನೀರಲ್ಲಿ ನಿಂತು ನನ್ನ ಮೊಣಕಾಲು ಹಾಳಾಯಿತು. ಎರಡನೇ ವರ್ಷ ಕೆಸರು ಕೂತಿತು. ಮೂರನೇ ವರ್ಷ, ಯಾರೂ ನೆಡದೆ, ಕೆಸರಿನೊಳಗೆ ಎಷ್ಟು ಕಾಲದಿಂದಲೋ ಮಲಗಿದ್ದ ಬೀಜಗಳು ಎದ್ದವು. ಉತ್ತರದ ಅಂಚಿನಲ್ಲಿ, ಬಿಸಿಲು ಬೀಳುವ ಕಡೆ, ನೀರೊಳಗೆ ಹಸಿರು ಹಾಸಿಗೆ ಬಿದ್ದಿತು. ಅದರೊಳಗೆ ಬುಲ್ಲಿ ಎಂಬ ಇಲ್ಲಿಯ ಬೆರಳುದ್ದದ ಮೀನು ಹೆಚ್ಚಿತು. ಮೊದಲ ವರ್ಷ ಬಲೆಗೆ ಎರಡೋ ಮೂರೋ ಬೀಳುತ್ತಿದ್ದ ಬುಲ್ಲಿ ಈಗ ಎಣಿಸಿ ಎಣಿಸಿ ಬೆರಳು ಮರಗಟ್ಟುವಷ್ಟು ಬೀಳುತ್ತಿತ್ತು. ನಮ್ಮ ಮುಖ್ಯಸ್ಥೆ ಅವತ್ತು ನೀರಲ್ಲೇ ನಿಂತು ಏನೋ ಹಾಡಿದರು. ನಾನು ಅತ್ತೆ, ಒಪ್ಪಿಕೊಳ್ಳುತ್ತೇನೆ.

ಅದೇ ವರ್ಷ ದೀಪಾವಳಿಗೆ ಮೂರು ವಾರ ಇರುವಾಗ ನಾನೊಬ್ಬಳೇ ಬಲೆ ನೋಡಲು ಹೋಗಿದ್ದೆ. ಜೊತೆಗಾತಿಗೆ ಜ್ವರ. ಇಲ್ಲಿ ಅದು ವಸಂತಕಾಲ, ನೀರು ಬೆಚ್ಚಗಾಗುವ ಹೊತ್ತು. ಬಲೆ ಎತ್ತಿದರೆ ಬುಲ್ಲಿಗಳ ನಡುವೆ ಒಂದು ಗೋಲ್ಡ್‌ಫಿಶ್. ಕೆರೆಯಲ್ಲೇ ಹುಟ್ಟಿ ಬೆಳೆದ ಕಂದು ಬಣ್ಣದ್ದಲ್ಲ. ಉದ್ದ ಬಾಲದ, ತೊಟ್ಟಿಯಲ್ಲಿ ತಿಂದು ತೇಗಿದ, ಕೆಂಪು ಬಂಗಾರದ್ದು.

ನಮ್ಮ ನಿಯಮ ಸ್ಪಷ್ಟ. ಇಂಥ ಮೀನು ಸಿಕ್ಕರೆ ಅಲ್ಲೇ ಕೊಲ್ಲಬೇಕು, ಅವತ್ತೇ ಮುಖ್ಯಸ್ಥೆಗೆ ತಿಳಿಸಬೇಕು. ಕೊಂದೆ. ಫೋನು ಕೈಗೆ ತೆಗೆದುಕೊಂಡೆ. ಅಷ್ಟರಲ್ಲಿ ಕೆರೆಯಂಚಿನ ಹಲಗೆಯ ಕಟ್ಟೆಯ ಕೆಳಗೆ ಏನೋ ಮಿನುಗಿತು. ಬಗ್ಗಿ ನೋಡಿದೆ. ಮೂರು ವರ್ಷ ಬೆವರು ಸುರಿಸಿ ತಿಳಿಯಾಗಿಸಿದ ನೀರಲ್ಲವೇ, ಚೆನ್ನಾಗಿಯೇ ಕಂಡಿತು. ಬಂಗಾರದ ಮೀನುಗಳು ಗುಂಪಾಗಿ ನಿಂತಿದ್ದವು. ಎಣಿಸಿದೆ. ಏಳು. ಅವುಗಳ ಹಿಂದೆ ಒಂದು ಕಪ್ಪು, ಕಣ್ಣು ಎರಡೂ ಕಡೆ ಗುಂಡಿಯಂತೆ ಹೊರಗೆ. ಕೈಯಲ್ಲಿದ್ದ ಸತ್ತದ್ದನ್ನು ಸೇರಿಸಿದರೆ ಎಂಟು ಬಂಗಾರ, ಒಂದು ಕಪ್ಪು.

ಸಿಟ್ಟು ಬರಬೇಕಿತ್ತು. ಬಂದದ್ದು ಸಂತೋಷ. ನಿಜ ಹೇಳುತ್ತೇನೆ, ಹಾಲು ಕುಡಿದಷ್ಟು ಸಂತೋಷ! ಸಿಕ್ಕಿಬಿದ್ದೆಯಲ್ಲಪ್ಪಾ ದೊಡ್ಡ ಮನುಷ್ಯ ಎಂದು ಗಟ್ಟಿಯಾಗಿ ಹೇಳಿದೆ, ಹೊಲದ ಹಸುವೊಂದು ತಲೆ ಎತ್ತಿ ನೋಡಿತು. ಫೋನಿನಲ್ಲಿ ಫೋಟೋ ಹೊಡೆದೆ, ಒಂದಲ್ಲ, ಹತ್ತು. ಮುಖ್ಯಸ್ಥೆಗೆ ಫೋನ್ ಮಾಡಲಿಲ್ಲ. ಅವತ್ತಿನ ಹಾಳೆಯಲ್ಲಿ ಬುಲ್ಲಿಗಳ ಲೆಕ್ಕ ಬರೆದೆ, ಗೋಲ್ಡ್‌ಫಿಶ್ ಎಂಬಲ್ಲಿ ಸೊನ್ನೆ ಹಾಕಿದೆ.

ಯಾಕೆಂದರೆ ಕನ್ನಡದವರ ದೀಪಾವಳಿ ಸಮಾರಂಭದಲ್ಲಿ, ಮಕ್ಕಳ ನೃತ್ಯಕ್ಕೂ ಊಟಕ್ಕೂ ನಡುವೆ, ಇಲ್ಲಿನ ಕೆರೆಗಳ ಬಗ್ಗೆ ಹತ್ತು ನಿಮಿಷ ಮಾತಾಡಿ ಎಂದು ನನ್ನನ್ನು ಕೇಳಿದ್ದರು. ಆಗುವುದಿಲ್ಲ ಎಂದಿದ್ದೆ. ಅವತ್ತು ಮನೆಗೆ ಹೋಗುವ ದಾರಿಯಲ್ಲೇ ಫೋನ್ ಮಾಡಿ, ಆಗುತ್ತದೆ ಎಂದೆ. ಮುಖ್ಯಸ್ಥೆಗೆ ಈಗಲೇ ತಿಳಿಸಿದರೆ ದೋಣಿ ಬರುತ್ತದೆ, ಮೀನು ಹೋಗುತ್ತದೆ, ಯಾರೋ ಬಿಟ್ಟರು ಎಂದು ವಿಷಯ ಮುಚ್ಚಿಹೋಗುತ್ತದೆ. ಅಂಕಲ್ ತಮ್ಮ ಸೋಫಾದಲ್ಲಿ ಹಾಯಾಗಿ ಕೂತಿರುತ್ತಾರೆ. ಅದು ನನಗೆ ಬೇಕಿರಲಿಲ್ಲ. ತುಂಬಿದ ಸಭೆಯಲ್ಲಿ ಅವರು ತಲೆ ತಗ್ಗಿಸಬೇಕಿತ್ತು.

ಗಂಡನಿಗೆ ಮಾತ್ರ ಹೇಳಿದೆ. ಆತ ಅನ್ನ ಕಲಸುವುದನ್ನು ನಿಲ್ಲಿಸಿದ.

"ನಾಳೆನ ಹೇಳಿಬಿಡು ನಿಮ್ಮ ಮೇಡಂಗ."

"ದೀಪಾವಳಿ ಆಗ್ಲಿ."

"ನಿನ್ನ ಸಿಟ್ಟಿಗೆ ಕೆರಿ ಯಾಕ ಕಾಯಬೇಕು?"

"ಮೂರು ವಾರದಾಗ ಏನೂ ಆಗೂದಿಲ್ಲ ಬಿಡು. ಮೀನಿನ ವಿಷಯ ನನಗ ಹೇಳಾಕ ಬರಬ್ಯಾಡ," ಎಂದು ಬಾಯಿ ಮುಚ್ಚಿಸಿದೆ. ಮೀನು ಓದಿದವಳು ನಾನು, ಆತನೇನು ಬಲ್ಲ? ವಸಂತದಲ್ಲಿ ನೀರು ಬೆಚ್ಚಗಾದರೆ ಯಾವ ಮೀನು ಏನು ಮಾಡುತ್ತದೆಂದು ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದು ಪಾಸಾದವಳು. ಗೊತ್ತಿದ್ದೂ ಗೊತ್ತಿಲ್ಲದವಳಂತೆ ಇದ್ದೆ. ಸಿಟ್ಟಿನ ಕೈಗೆ ಬುದ್ಧಿ ಕೊಡಬೇಡ ಎನ್ನುತ್ತಾರೆ. ನಾನು ಬುದ್ಧಿಯ ಜೊತೆಗೆ ಬಲೆ, ಬುಟ್ಟಿ, ಯೂಟ್‌ನ ಕೀಲಿಯನ್ನೂ ಕೊಟ್ಟಿದ್ದೆ.

ಆ ಮೂರು ವಾರ ನಾನು ಬಕಧ್ಯಾನದಲ್ಲಿದ್ದೆ. ಪಾತ್ರೆ ತೊಳೆಯುತ್ತಾ ಭಾಷಣ ತಿದ್ದುತ್ತಿದ್ದೆ. ಯಾವ ಫೋಟೋ ಮೊದಲು, ಯಾವುದು ಕೊನೆಗೆ, ಎಲ್ಲಿ ನಿಲ್ಲಿಸಿ ನೀರು ಕುಡಿಯಬೇಕು, ಎಲ್ಲವನ್ನೂ ಲೆಕ್ಕ ಹಾಕಿದೆ. ಸಮಾರಂಭಕ್ಕೆ ಹೊಸ ಇಳಕಲ್ ಸೀರೆ ತೆಗೆದಿಟ್ಟೆ. ಬಲೆ ಹಾಕುವ ಸರದಿ ಬಂದಾಗ ಜೊತೆಗಾತಿಯನ್ನು ಇನ್ನೊಂದು ಕೆರೆಗೆ ಕಳಿಸಿ, ಇಲ್ಲಿಗೆ ನಾನೇ ಹೋದೆ. ಬಲೆಯನ್ನು ಹಲಗೆ ಕಟ್ಟೆಯಿಂದ ದೂರ ಹಾಕಿದೆ, ಎಲ್ಲಿ ಮೀನು ಸಿಕ್ಕಿ ನನ್ನ ಒಂಬತ್ತರ ಲೆಕ್ಕ ಕೆಡುತ್ತದೋ ಎಂದು! ಮೂರು ವರ್ಷ ಅವುಗಳನ್ನು ಅಟ್ಟಿದವಳು ಮೂರು ವಾರ ಅವಕ್ಕೆ ಕಾವಲು ಕಾದೆ.

ದೀಪಾವಳಿಯ ಶನಿವಾರ ಶಾಲೆಯೊಂದರ ಸಭಾಂಗಣ ತುಂಬಿತ್ತು. ಅಂಕಲ್ ಮೊದಲ ಸಾಲಿನಲ್ಲಿ ರೇಷ್ಮೆ ಶಲ್ಯ ಹೊದ್ದು ಕೂತಿದ್ದರು. ಪಕ್ಕದಲ್ಲಿ ಅವರ ಹೆಂಡತಿ, ತುಂಬಾ ಇಳಿದುಹೋಗಿದ್ದರು. ತೊಡೆಯ ಮೇಲೆ ಏಳೆಂಟು ವರ್ಷದ ಮೊಮ್ಮಗಳು. "ಈಗ ನಮ್ಮ ಮೀನಮ್ಮ ಮಾತಾಡ್ತಾರೆ," ಎಂದು ನಿರೂಪಕಿ ಕರೆದಳು. ಹೋಗಿ ಮೈಕು ಹಿಡಿದೆ.

ಮೊದಲು ಜಾಡಿಯ ಮುಚ್ಚಳ ತೆಗೆದೆ. "ರೊಟೊಟೂನ ಅಂದರ ಏನರ್ಥ ಗೊತ್ತೇನ್ರೀ ಯಾರಿಗಾದರೂ? ಹಾವುಮೀನಿನ ಕೆರಿ. ನೀವೆಲ್ಲಾ ಹಾವುಮೀನಿನ ಕೆರ್‍ಯಾಗ ಮನಿ ಕಟ್ಟೀರಿ," ಎಂದೆ. ಜನ ಗೊಳ್ಳೆಂದರು. ಅಂಕಲ್ ಕೂಡ ನಕ್ಕರು. ಆಮೇಲೆ ಕೆರೆಯ ಹಳೆಯ ಚಿತ್ರ ತೋರಿಸಿದೆ, ಹೊಸ ಚಿತ್ರ ತೋರಿಸಿದೆ. ಒಂದು ಗೋಲ್ಡ್‌ಫಿಶ್ ಏನು ಮಾಡುತ್ತದೆಂದು ವಿವರಿಸಿದೆ. ನೀರು ಕುಡಿದೆ. ಆಮೇಲೆ ಕೊನೆಯ ಚಿತ್ರ ಹಾಕಿದೆ.

"ಇವನ್ನ ಯಾರೋ ನಮ್ಮವರ ತಂದು ಬಿಟ್ಟಾರ. ಎಂಟು ಬಂಗಾರ, ಒಂದು ಕಪ್ಪು. ಈ ಲೆಕ್ಕ ಯಾರ ಮನಿಯದು?"

ನಾನು ಹೆಸರು ಹೇಳುವುದೇ ಬೇಕಾಗಲಿಲ್ಲ. "ದಟ್ಸ್ ತಾತಾಸ್ ಫಿಶ್!" ಎಂದು ಮೊಮ್ಮಗಳು ತೊಡೆಯಿಂದ ಹಾರಿ ನಿಂತು, ಬೆರಳು ಚಾಚಿ, ಕಪ್ಪು ಮೀನಿಗೆ ತಾನಿಟ್ಟ ಮುದ್ದಿನ ಹೆಸರನ್ನೂ ಕೂಗಿದಳು. ಎಲ್ಲರ ಕಣ್ಣು ಆ ಶಲ್ಯದ ಮೇಲೆ. ಅಂಕಲ್ ಮುಖದ ರಕ್ತ ಇಳಿಯುವುದನ್ನು ನಾನು ಒಂದೊಂದು ಹನಿಯಾಗಿ ನೋಡಿದೆ. ಹೋಳಿಗೆಯ ಲೆಕ್ಕ ತೀರಿಸಿಬಿಟ್ಟೆ ಎಂದುಕೊಂಡೆ.

ಅವರು ಎದ್ದು ನಿಂತರು. ಸುಳ್ಳು ಹೇಳುತ್ತಾರೆಂದುಕೊಂಡಿದ್ದೆ, ಹೇಳಲಿಲ್ಲ.

"ನಾನೇ ಬಿಟ್ಟಿದ್ದು. ನಮ್ಮ ಮನೆಯವಳಿಗೆ ಆಪರೇಷನ್ ಇತ್ತು. ಉಳಿಯೋದು ಕಷ್ಟ ಅಂದಿದ್ರು. ಊರಲ್ಲಿ ನಮ್ಮ ಪುರೋಹಿತರು, ಮನೇಲಿ ಕೂಡಿಹಾಕಿರೋ ಜೀವಗಳನ್ನ ನೀರಿಗೆ ಬಿಡಿ, ಜೀವದಾನ ಮಾಡಿದ ಹಾಗಾಗತ್ತೆ ಅಂದ್ರು. ಬಿಟ್ಟೆ. ತಪ್ಪು ಅಂತ ಗೊತ್ತಿರಲಿಲ್ಲಮ್ಮ."

ಹೆಂಡತಿ ಅವರ ಶಲ್ಯದ ತುದಿ ಹಿಡಿದು ಕೂರಿಸಲು ಎಳೆಯುತ್ತಿದ್ದರು. ಅದನ್ನು ನೋಡಿಯೂ ನನಗೆ ಕರುಣೆ ಬರಲಿಲ್ಲ. ನನ್ನ ಡಬ್ಬಿಯನ್ನು ದಾಟಿ ಹೋದ ಕೈಗಳೆಲ್ಲ ಅಲ್ಲೇ ಕೂತಿದ್ದವು.

"ಯಾವಾಗ ನೋಡಿದ್ದು ನೀನು?" ಎಂದು ಕೇಳಿದರು.

"ಮೂರು ವಾರ ಆತು," ಎಂದೆ, ಹೆಮ್ಮೆಯಿಂದ.

"ಮೂರು ವಾರವೇ? ನಂಗೊಂದು ಫೋನ್ ಮಾಡೋದಲ್ವೇನಮ್ಮಾ? ಉಂಗುರದಲ್ಲಿ ಟಕ್ ಟಕ್ ಅಂತ ಬಡಿದ್ರೆ ಓಡಿ ಬರ್ತವೆ ಅವು, ಊಟ ಅಂತ. ಅವತ್ತೇ ಬಂದು ಎಲ್ಲಾನೂ ಹಿಡಿದುಕೊಡ್ತಿದ್ದೆ."

ಯಾರೋ ಚಪ್ಪಾಳೆ ಹೊಡೆದು ಮಾತು ಮುಗಿಸಿದರು, ಊಟಕ್ಕೆ ಕರೆದರು. ಅಂಕಲ್ ಆಡಿದ ಮಾತು ನನ್ನ ಕಿವಿಗೆ ಬಿತ್ತೇ ಹೊರತು ತಲೆಗೆ ಇಳಿಯಲಿಲ್ಲ. ನಾನು ಎರಡು ಸಲ ಹಾಕಿಸಿಕೊಂಡು ಹೋಳಿಗೆ ಉಂಡೆ.

ಮಾರನೆಯ ದಿನ ಬೆಳಿಗ್ಗೆ ಅವರೇ ಫೋನ್ ಮಾಡಿ, ಕೆರೆಗೆ ಬರುತ್ತೇನೆ ಎಂದರು. ಬರಲಿ, ಕೆಸರಿನಲ್ಲಿ ಮೊಣಕಾಲೂರಲಿ, ಅದನ್ನೂ ನೋಡೋಣ ಎಂದು ನಾನು ಕೈಬಲೆ, ಬಕೆಟ್ಟು ತೆಗೆದುಕೊಂಡು ಹೋದೆ. ಅವರು ಷೂ ಬಿಚ್ಚಿಟ್ಟು, ಹಲಗೆ ಕಟ್ಟೆಯ ಮೇಲೆ ಮಂಡಿಯೂರಿ, ಬಲಗೈ ಉಂಗುರದಿಂದ ಹಲಗೆಯ ಮೇಲೆ ಟಕ್ ಟಕ್ ಎಂದು ಬಡಿದರು. ಸ್ವಲ್ಪ ಹೊತ್ತು ಏನೂ ಇಲ್ಲ. ಮತ್ತೆ ಬಡಿದರು. ಜೊಂಡಿನ ಕಡೆಯಿಂದ ಬಂಗಾರ ಮಿಂಚಿತು. ಒಂದು ಬಂತು, ಅದರ ಹಿಂದೆ ನಾಲ್ಕು, ಮತ್ತೆರಡು. ಕೊನೆಗೆ ಕಪ್ಪು ನಿಧಾನವಾಗಿ ಬಂದು ಅವರ ಬೆರಳಿಗೆ ಬಾಯಿ ಇಟ್ಟಿತು. ನಾನು ಬಲೆಯಿಂದ ಎತ್ತಿ ಎತ್ತಿ ಬಕೆಟ್ಟಿಗೆ ಹಾಕಿದೆ. ಕಾಲು ಗಂಟೆಯೂ ಹಿಡಿಯಲಿಲ್ಲ.

"ವಾಪಸ್ ತೊಟ್ಟಿಗೆ ಹಾಕ್ಕೋಬಹುದಾ?"

"ಇಲ್ಲ. ಕೊಲ್ಲಬೇಕು." ಆ ಮಾತನ್ನು ಮೆತ್ತಗೆ ಹೇಳಬಹುದಿತ್ತು. ಹೇಳಲಿಲ್ಲ. ಒಂದೊಂದಕ್ಕೆ ಒಂದೇ ಪೆಟ್ಟು ಹಾಕಿ ಮುಗಿಸಿದೆ, ಅವರ ಕಣ್ಣೆದುರೇ. ಅವರು ಬೇರೆ ಕಡೆ ತಿರುಗಲಿಲ್ಲ. ತುಟಿ ಮಾತ್ರ ಅಲುಗುತ್ತಿತ್ತು.

ಕೈ ತೊಳೆಯಲು ಉತ್ತರದ ಅಂಚಿಗೆ ಹೋದೆ. ನೀರೊಳಗೆ ಕೈ ಹಾಕಿದಾಗ ಗಿಡದ ಎಸಳು ಬೆರಳಿಗೆ ಸಿಕ್ಕಿತು. ಒರಟೊರಟಾಗಿತ್ತು. ಎತ್ತಿ ನೋಡಿದೆ. ಎಸಳಿನ ತುಂಬ ಗಸಗಸೆಗಿಂತ ತುಸು ದೊಡ್ಡ, ಗಾಜಿನಂಥ ಮೊಟ್ಟೆಗಳು. ಪಕ್ಕದ ಗಿಡ ಎತ್ತಿದೆ. ಅದರಲ್ಲೂ. ನಾಲ್ಕು ಹೆಜ್ಜೆ ಆಚೆಗೆ ಹೋಗಿ ಎತ್ತಿದೆ. ಅಲ್ಲೂ. ನಾವು ಮೂರು ವರ್ಷ ಕಾದು ಎಬ್ಬಿಸಿದ ಹಸಿರು ಹಾಸಿಗೆಯನ್ನು ಅವು ಹೆರಿಗೆ ಮನೆ ಮಾಡಿಕೊಂಡಿದ್ದವು.

ಅಂಕಲ್ ಹಿಂದೆಯೇ ಬಂದು ನಿಂತಿದ್ದರು. "ಇವೇನಮ್ಮಾ?"

"ಮೊಟ್ಟೆ. ನಿಮ್ಮ ಮೀನಿಂದು."

"ಯಾವಾಗ ಇಟ್ಟಿದ್ದು?"

ಸುಳ್ಳು ಹೇಳಬಹುದಿತ್ತು. ಮೀನಿನ ವಿಷಯ ಅವರಿಗೇನು ಗೊತ್ತು? ಆದರೆ ಪ್ರತಿ ಮೊಟ್ಟೆಯೊಳಗೂ ಎರಡೆರಡು ಕಪ್ಪು ಚುಕ್ಕೆ ನನ್ನನ್ನೇ ನೋಡುತ್ತಿದ್ದವು.

"ಕಣ್ಣು ಮೂಡ್ಯಾವ. ಮೂರ್ನಾಲ್ಕು ದಿನ ಆಗಿರಬೇಕು."

ಅವರು ಪಂಚಾಂಗ ನೋಡುವವರ ಹಾಗೆ ಬೆರಳಿನ ಗೆಣ್ಣು ಎಣಿಸಿದರು. "ಇವತ್ತು ಭಾನುವಾರ. ಅಂದ್ರೆ ಬುಧವಾರ, ಇಲ್ಲಾ ಗುರುವಾರ."

"ಹೌದು."

"ಅಷ್ಟೊತ್ತಿಗೆ ನಿಂಗೆ ಗೊತ್ತಿತ್ತು."

"ಗೊತ್ತಿತ್ತು ಅಂಕಲ್."

ಅವರು ಬೈದಿದ್ದರೆ ಚೆನ್ನಾಗಿತ್ತು, ಜಗಳ ಮಾಡಬಹುದಿತ್ತು. ಒಂದು ಹಾಸ್ಯವನ್ನಾದರೂ ಮಾಡಬಾರದಿತ್ತೇ ಎಂದು ಅವರ ಬಾಯನ್ನೇ ನೋಡಿದೆ. ಅವರು ಹೋಗಿ ಷೂ ಹಾಕಿಕೊಂಡರು.

ಮುಖ್ಯಸ್ಥೆಗೆ ಫೋನ್ ಮಾಡಿದೆ. ಒಂದು ಗಂಟೆಯಲ್ಲಿ ಬಂದರು. ಮೊದಲು ಕಂಡದ್ದು ಯಾವಾಗ ಎಂದು ಕೇಳಿದರು. ಹೇಳಿದೆ. ಸೊನ್ನೆ ಹಾಕಿದ ಹಾಳೆಯ ವಿಷಯವನ್ನೂ ಹೇಳಿದೆ. ಅವರು ನನ್ನ ಮುಖ ನೋಡದೆ ರಬ್ಬರಿನ ಉಡುಪು ತೊಟ್ಟು ನೀರಿಗಿಳಿದು, ಅಂಚಿನುದ್ದಕ್ಕೂ ಗಿಡಗಳನ್ನು ಎತ್ತಿ ನೋಡುತ್ತಾ ಹೋದರು. ವಾಪಸು ಬಂದು, ಮರಿಯಾದರೆ ಮತ್ತೆ ಮೊದಲಿನ ಸ್ಥಿತಿಗೇ ಬರುತ್ತೇವೆ, ಮೊಟ್ಟೆ ಇರುವ ಗಿಡವನ್ನೆಲ್ಲ ಇವತ್ತೇ ಕೀಳಬೇಕು, ಬೇರು ಸಮೇತ ಎಂದರು. ಕೆಲಸದಿಂದ ತೆಗೆಯುವುದೋ ಬಿಡುವುದೋ ಆಮೇಲೆ ನೋಡೋಣ, ಈಗ ಕೀಳು ಎಂದರು.

ಕಿತ್ತೆ. ಎರಡೂ ಕೈ ಕೆಸರಿಗೆ ಹಾಕಿ, ಬುಡ ಹಿಡಿದು, ಹಿಡಿ ಹಿಡಿಯಾಗಿ ಕಿತ್ತು ದಡಕ್ಕೆ ಎಸೆದೆ. ಪ್ರತಿ ಬುಡಕ್ಕೂ ತಳದ ಕಪ್ಪು ಹೊಗೆಯಂತೆ ಏಳುತ್ತಿತ್ತು. ಬುಲ್ಲಿಯಲ್ಲಿ ಮೊಟ್ಟೆ ಕಾಯುವುದು ಗಂಡು. ಒಂದು ಮರದ ತುಂಡಿನ ಕೆಳಗೆ ಅಂಥದೊಂದು ಇತ್ತು. ಸುತ್ತಲಿನ ಗಿಡ ಕಿತ್ತರೂ ಕದಲದೆ, ಮೊಟ್ಟೆಯ ಮೇಲೆ ಕೂರುವ ಕೆಸರನ್ನು ರೆಕ್ಕೆಯಿಂದ ಬೀಸಿ ಬೀಸಿ ತಳ್ಳುತ್ತಿತ್ತು. ನಾನು ಮುಂದಿನ ಬುಡಕ್ಕೆ ಕೈ ಹಾಕಿದೆ. ಮತ್ತೆ ನೋಡುವಷ್ಟರಲ್ಲಿ ಅದು ಕಾಣಿಸಲಿಲ್ಲ, ಆ ಮರದ ತುಂಡೂ ಕಾಣಿಸಲಿಲ್ಲ. ಗೋಲ್ಡ್‌ಫಿಶ್‌ಗಳು ಒಂದು ಬೇಸಿಗೆಯಿಡೀ ಮಾಡುವ ಕೆಲಸವನ್ನು ನಾನು ಒಂದೇ ದಿನದಲ್ಲಿ ಮಾಡಿದೆ. ಸಂಜೆ ಐದರ ಹೊತ್ತಿಗೆ ಉತ್ತರದ ಅಂಚಿನಲ್ಲಿ ಕೀಳಲು ಏನೂ ಉಳಿದಿರಲಿಲ್ಲ.